ಸಹಿಯ ಸಾಲಿಗಿಂತ ಮೇಜಿನ ಕುರ್ಚಿ ಮೇಲು: ಗ್ಲಾಸ್ಗೋ ವರ್ಲ್ಡ್‌ಕಾನ್ ಹೇಗಿತ್ತು?

ಮೆಚ್ಚಿನ ಲೇಖಕರನ್ನು ಕಣ್ಣಾರೆ ನೋಡಬೇಕು, ಎರಡು ಮಾತಾಡಬೇಕು ಅಂತ ವೈಜ್ಞಾನಿಕ ಸಾಹಿತ್ಯದ ಸಮ್ಮೇಳನವಾದ ವರ್ಲ್ಡ್‌ಕಾನ್‌ಗೆ ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ: ಸಹಿ ಹಾಕಿಸಿಕೊಳ್ಳುವ ಸಾಲನ್ನೇ ನೆಚ್ಚಿಕೊಂಡು ಹೋಗಬೇಡಿ. ಅಲ್ಲಿ ಟೇಬಲ್ ಟಾಕ್ ಅಂತ ಒಂದು ವ್ಯವಸ್ಥೆ ಇದೆ. ಒಂದು ಮೇಜು, ಒಬ್ಬ ಲೇಖಕರು, ಸುತ್ತ ಬೆರಳೆಣಿಕೆಯಷ್ಟು ಓದುಗರು, ಹೆಚ್ಚುಕಮ್ಮಿ ಒಂದು ಗಂಟೆ ಮಾತು. ವೇದಿಕೆ ಇಲ್ಲ, ಮೈಕಿಲ್ಲ, ನಿರೂಪಕರಿಲ್ಲ. ಅದರಲ್ಲಿ ಒಂದು ಕುರ್ಚಿ ಸಿಕ್ಕಿತೆಂದರೆ ಟಿಕೆಟ್ಟಿಗೆ ಕೊಟ್ಟ ದುಡ್ಡು ಅಲ್ಲಿಗೇ ವಸೂಲು. ಉಳಿದದ್ದೆಲ್ಲ ಲಾಭ.

2024ರ ಆಗಸ್ಟ್ 8ರಿಂದ 12ರವರೆಗೆ ಗ್ಲಾಸ್ಗೋದಲ್ಲಿ ನಡೆದ ವರ್ಲ್ಡ್‌ಕಾನ್‌ಗೆ ನಾನೂ ಅಕ್ಕನ ಮಗನೂ ಹೋಗಿದ್ದೆವು. ನಾನಿರುವುದು ಎಡಿನ್‌ಬರೋದಲ್ಲಿ, ಔಷಧದ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್. ಅವನು ಗ್ಲಾಸ್ಗೋದಲ್ಲೇ ಎಂಜಿನಿಯರಿಂಗ್ ಸ್ನಾತಕೋತ್ತರ ಓದುತ್ತಿದ್ದವನು. ಇಬ್ಬರಿಗೂ ವೈಜ್ಞಾನಿಕ ಕಾದಂಬರಿಗಳ ಹುಚ್ಚು, ಆದರೆ ರುಚಿ ಬೇರೆ ಬೇರೆ. ಅವನಿಗೆ ಯುದ್ಧನೌಕೆ, ಗ್ರಹಗಳ ರಾಜಕೀಯ ಇರಬೇಕು. ನನಗೆ ಮಾಟ, ಕಾಡು, ಔಷಧ, ಅಜ್ಜಿಯರು ಇರುವ ಕಥೆ ಆಗಬೇಕು. ಹಾಗಾಗಿ ಒಂದೇ ಜಾತ್ರೆಯನ್ನು ಎರಡು ಕಣ್ಣಿನಿಂದ ನೋಡಿ ಬಂದಂತಾಯಿತು.

ಹೆಸರು ಕೇಳಿರದವರಿಗೆ ಸ್ವಲ್ಪ ಹಿನ್ನೆಲೆ. ವರ್ಲ್ಡ್‌ಕಾನ್ ಅಂದರೆ ವೈಜ್ಞಾನಿಕ ಮತ್ತು ಫ್ಯಾಂಟಸಿ ಸಾಹಿತ್ಯದ ಓದುಗರು ವರ್ಷಕ್ಕೊಂದು ಊರಿನಲ್ಲಿ ನಡೆಸುವ ಸಮ್ಮೇಳನ. ಮೊದಲನೆಯದು ನಡೆದದ್ದು 1939ರ ಜುಲೈಯಲ್ಲಿ, ನ್ಯೂಯಾರ್ಕಿನಲ್ಲಿ. ಇದನ್ನು ಲಾಭಕ್ಕಾಗಿ ನಡೆಸುವ ಕಂಪನಿ ಇಲ್ಲ, ಮಾಲೀಕರಿಲ್ಲ. ಬಾಗಿಲಲ್ಲಿ ಬ್ಯಾಡ್ಜ್ ಕೊಡುವವರಿಂದ ಹಿಡಿದು ಸಮಿತಿಯ ಅಧ್ಯಕ್ಷರವರೆಗೆ ಎಲ್ಲರೂ ಸಂಬಳವಿಲ್ಲದೆ ದುಡಿಯುವ ಓದುಗರೇ. ವರ್ಷದ ಉತ್ತಮ ಕೃತಿಗಳಿಗೆ ಇಲ್ಲಿ ಕೊಡುವ ಹ್ಯೂಗೋ ಪ್ರಶಸ್ತಿಗೆ ಓಟು ಹಾಕುವವರೂ ಸದಸ್ಯರೇ. ನನಗೆ ಬಹಳ ಹಿಡಿಸಿದ ವಿಷಯ ಇನ್ನೊಂದಿದೆ: ಗೌರವ ಅತಿಥಿಗಳನ್ನು ಬಿಟ್ಟರೆ ಗೋಷ್ಠಿಗಳಲ್ಲಿ ಮಾತಾಡುವ ಲೇಖಕರೂ ಸದಸ್ಯತ್ವಕ್ಕೆ ದುಡ್ಡು ಕಟ್ಟಿಯೇ ಒಳಗೆ ಬರುವುದು ಇಲ್ಲಿನ ವಾಡಿಕೆ. ಸಮ್ಮೇಳನ ಮುಗಿದ ಮೇಲೆ ಹಣ ಉಳಿದರೆ ವಾಪಸು ಕೊಡುವುದುಂಟು, ಅದು ಬೇರೆ ಮಾತು. ನಿಮ್ಮ ಕೊರಳಲ್ಲಿ ನೇತಾಡುವ ಬ್ಯಾಡ್ಜೂ ಅವರ ಕೊರಳಲ್ಲಿ ನೇತಾಡುವ ಬ್ಯಾಡ್ಜೂ ಒಂದೇ. ಈ ಸಮ್ಮೇಳನದಲ್ಲಿ ಓದುಗರು ಲೇಖಕರು ಬೆರೆಯುವ ಬಗೆ ಅರ್ಥವಾಗಬೇಕಾದರೆ ಇದನ್ನು ತಿಳಿದಿರಬೇಕು.

1939ರ ಆ ಮೊದಲ ಸಮ್ಮೇಳನಕ್ಕೆ ಬಂದವರ ಪಟ್ಟಿ ನೋಡಿ. ಮುಂದೆ ಹೆಸರಾಂತ ಲೇಖಕನಾದ ರೇ ಬ್ರಾಡ್ಬರಿ ಆಗ 18 ವರ್ಷದ ಹುಡುಗ. ಗೆಳೆಯ ಫಾರೆಸ್ಟ್ ಆಕರ್ಮನ್ ಹತ್ತಿರ ಸಾಲ ಮಾಡಿ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕಿನವರೆಗೆ ಬಸ್ಸಿನಲ್ಲಿ ಬಂದಿದ್ದ. ಐಸಾಕ್ ಅಸಿಮೋವ್‌ಗೆ 19. ಸಂಘಟಕರ ಜೊತೆ ಜಗಳವಾಡಿಕೊಂಡಿದ್ದ ಆರು ಮಂದಿ ಯುವಕರನ್ನು ಒಳಗೇ ಬಿಡಲಿಲ್ಲ. ಹೊರಗೆ ನಿಂತವರಲ್ಲಿ ಫ್ರೆಡರಿಕ್ ಪೋಲ್, ಸಿರಿಲ್ ಕಾರ್ನ್‌ಬ್ಲುತ್, ಡೊನಾಲ್ಡ್ ವೋಲ್‌ಹೈಮ್ ಇದ್ದರು! ಮುಂದೆ ಈ ಸಾಹಿತ್ಯಕ್ಕೆ ದಿಕ್ಕು ತೋರಿಸಿದ ಲೇಖಕರು, ಸಂಪಾದಕರು ಇವರು. ಫ್ಯಾಂಟಸಿ ಕಾದಂಬರಿಕಾರ ಟೆರ್ರಿ ಪ್ರ್ಯಾಚೆಟ್ ವಿಷಯವೂ ಹಾಗೇ. 1964ರಲ್ಲಿ ಪೀಟರ್‌ಬರೋದಲ್ಲಿ ನಡೆದ ಬ್ರಿಟನ್ನಿನ ಈಸ್ಟರ್‌ಕಾನ್ ಎಂಬ ಇಂಥದೇ ಸಮ್ಮೇಳನಕ್ಕೆ ಶಾಲಾ ಹುಡುಗನಾಗಿ ಬಂದ, ಮರುವರ್ಷ ಲಂಡನ್ನಿನ ವರ್ಲ್ಡ್‌ಕಾನ್‌ಗೂ ಬಂದ. 2004ರಲ್ಲಿ ಬಾಸ್ಟನ್ನಿನ ವರ್ಲ್ಡ್‌ಕಾನ್‌ಗೆ ಅವರೇ ಗೌರವ ಅತಿಥಿ. ಮೇಜಿನ ಈಚೆ ಕೂತವರು ಆಚೆಗೆ ಹೋಗಿ ಕೂರುವುದು ಇಲ್ಲಿ ಮೊದಲಿನಿಂದ ನಡೆದುಬಂದದ್ದು. ಆದ್ದರಿಂದಲೇ ಇರಬೇಕು, ಇಲ್ಲಿನ ಲೇಖಕರಿಗೆ ಓದುಗರನ್ನು ಕಂಡರೆ ದೂರ ಸರಿಯುವ ಅಭ್ಯಾಸವಿಲ್ಲ.

ಜಾಗದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗ್ಲಾಸ್ಗೋ ಸೆಂಟ್ರಲ್‌ನಿಂದ ಲೋಕಲ್ ರೈಲು ಹತ್ತಿದರೆ ಆಂಡರ್ಸ್‌ಟನ್ ಆದ ಮೇಲೆ ಎಕ್ಸಿಬಿಷನ್ ಸೆಂಟರ್ ನಿಲ್ದಾಣ. ಕ್ಲೈಡ್ ನದಿಯ ದಡದಲ್ಲಿ ಎಸ್‌ಇಸಿ (ಸ್ಕಾಟಿಷ್ ಇವೆಂಟ್ ಕ್ಯಾಂಪಸ್) ಸಭಾಂಗಣಗಳು, ಪಕ್ಕದಲ್ಲೇ ಚಿಪ್ಪುಹಂದಿಯ ಬೆನ್ನಿನ ಹಾಗೆ ಕಾಣುವ ಆರ್ಮಡಿಲೊ ಕಟ್ಟಡ. ಹ್ಯೂಗೋ ಪ್ರಶಸ್ತಿ ಪ್ರದಾನ ನಡೆದದ್ದು ಆರ್ಮಡಿಲೊದಲ್ಲಿ, 11ನೇ ತಾರೀಖು ಭಾನುವಾರ. 1995ರಲ್ಲೂ 2005ರಲ್ಲೂ ವರ್ಲ್ಡ್‌ಕಾನ್ ಇದೇ ಅಂಗಳದಲ್ಲಿ ನಡೆದಿತ್ತು. ಹಾಗಾಗಿ ಮೂರನೇ ಸಲ ಬಂದ ತಲೆನರೆತವರು ಸಾಕಷ್ಟು ಮಂದಿ ಸಿಕ್ಕರು. ಸಾಲಿನಲ್ಲಿ ನಿಂತಾಗ ಹೊತ್ತು ಹೋಗುವುದು ಅವರ ಕಥೆಗಳಿಂದಲೇ.

ಸಾಲಿನ ವಿಷಯಕ್ಕೆ ಬರೋಣ. ಸಹಿಗೆ ದುಡ್ಡು ಕೊಡಬೇಕಾಗಿಲ್ಲ. ಸಿನಿಮಾ ನಟರು, ಕಾಮಿಕ್ಸ್ ತಾರೆಯರು ಬರುವ ವಾಣಿಜ್ಯ ಮೇಳಗಳಲ್ಲಿ ಸಹಿಗೊಂದು ದರ, ಫೋಟೊಗೊಂದು ದರ ಇರುತ್ತದೆ. ಅಂಥದ್ದೊಂದಕ್ಕೆ ಹೋಗಿ, ಬೋರ್ಡಿನಲ್ಲಿ ಬರೆದ ದರಪಟ್ಟಿ ನೋಡಿ ಮನಸ್ಸು ಮುದುಡಿಕೊಂಡು ಬಂದಿದ್ದೆ. ವರ್ಲ್ಡ್‌ಕಾನ್‌ನಲ್ಲಿ ಆ ಗೊಡವೆಯೇ ಇಲ್ಲ. ಯಾವ ಲೇಖಕರು ಯಾವ ಗಂಟೆಗೆ ಎಂಬ ಪಟ್ಟಿ ಕಾರ್ಯಕ್ರಮದ ಜೊತೆಗೇ ಸಿಗುತ್ತದೆ. ಉದ್ದಕ್ಕೆ ಮೇಜುಗಳು, ಮೇಲೊಂದು ಹೆಸರಿನ ಚೀಟಿ. ಸ್ವಯಂಸೇವಕರು ಸಾಲಿನುದ್ದಕ್ಕೂ ಬಂದು, ಇದು ಯಾರ ಸಾಲು ಗೊತ್ತಲ್ಲ ಅಂತ ಖಚಿತಪಡಿಸಿಕೊಳ್ಳುತ್ತಾರೆ. ನಿಮ್ಮ ಹೆಸರನ್ನು ಅಂಟುಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು, ಸಹಿ ಬೇಕಾದ ಪುಟಕ್ಕೆ ಅಂಟಿಸಿಟ್ಟುಕೊಂಡರೆ ಒಳ್ಳೆಯದು. ನಮ್ಮ ಹೆಸರುಗಳ ಸ್ಪೆಲಿಂಗ್ ಹೇಳುವುದರಲ್ಲೇ ಸಿಕ್ಕ ಅರ್ಧ ನಿಮಿಷ ಮುಗಿದುಹೋಗುವುದು ಇದರಿಂದ ತಪ್ಪುತ್ತದೆ. ಪುಸ್ತಕದ ದೊಡ್ಡ ಕಟ್ಟು ಹೊತ್ತೊಯ್ಯಬೇಡಿ. ಒಂದು ಸರದಿಗೆ ಇಷ್ಟೇ ಪುಸ್ತಕ ಅಂತ ಮಿತಿ ಇರುತ್ತದೆ, ಹೆಚ್ಚಿದ್ದರೆ ಮತ್ತೆ ಬಾಲಕ್ಕೆ ಹೋಗಿ ನಿಲ್ಲಬೇಕು. ನಿಲ್ಲಲಾಗದವರಿಗೆ ಕುರ್ಚಿ ಹಾಕಿಕೊಡುತ್ತಾರೆ. ಕೇಳಲು ಸಂಕೋಚಪಡಬೇಕಾಗಿಲ್ಲ.

ಅಕ್ಕನ ಮಗ ತಂದಿದ್ದ ಪುಸ್ತಕ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯದು. ಬೆನ್ನು ಬಿರಿದು, ಅಂಚು ಹಳದಿಯಾಗಿ, ಒಳಪುಟದ ಮೂಲೆಯಲ್ಲಿ ಅಂಗಡಿಯವರು ಪೆನ್ಸಿಲಿನಲ್ಲಿ ಬರೆದ 180 ಹಾಗೇ ಇತ್ತು. "ಚಿಕ್ಕಿ, ಇದನ್ನು ಕೊಡೋದಾ, ಇಲ್ಲಾ ಇಲ್ಲೇ ಹೊಸಾದು ತಗಳ್ಳೋದಾ?" ಅಂತ ಸಾಲಿನಲ್ಲಿ ನಿಂತೇ ಕೇಳಿದ. ಬಳಸಿದ ಪುಸ್ತಕ ಮಾರಿದರೆ ಲೇಖಕರಿಗೆ ರಾಯಧನ ಬರುವುದಿಲ್ಲ, ಬೇಸರ ಮಾಡಿಕೊಂಡಾರು ಅನ್ನುವುದು ಅವನ ಅಳುಕು. "ನೀನು ಹೈಸ್ಕೂಲಿನಾಗೆ ಓದಿದ್ದು ಯಾವ್ದು ಮಾರಾಯ? ಅದನ್ನೇ ಕೊಡು" ಅಂದೆ. ಲೇಖಕರು ಪುಟ ತೆರೆದವರೇ ಆ ಪೆನ್ಸಿಲ್ ಅಂಕಿಯ ಮೇಲೆ ಬೆರಳಿಟ್ಟು ಇದೇನು ಅಂತ ಕೇಳಿದರು. ಅವನು ಹೇಳಿದ: ರೂಪಾಯಿ, ಬೆಂಗಳೂರು, ಮಹಡಿ ಮಹಡಿ ಪುಸ್ತಕ ತುಂಬಿದ ಅಂಗಡಿ, ಅಪ್ಪ ಕೊಟ್ಟ ಬಸ್ ಚಾರ್ಜ್ ಉಳಿಸಿ ತಗೊಂಡದ್ದು. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅವನ ಹೆಸರು ಬರೆದು, ಸಹಿ ಹಾಕಿ, ಸಹಿಯ ಕೆಳಗೆ ತಮ್ಮ ಕೈಯಾರೆ ಇಂಕಿನಲ್ಲಿ 180 ಅಂತ ಬರೆದು ಸುತ್ತ ಒಂದು ಗೆರೆ ಎಳೆದರು. ಒಂದು ನಿಮಿಷದ ಭೇಟಿ. ಹುಡುಗ ಆಚೆ ಬಂದು ಗೋಡೆಗೊರಗಿ ನಿಂತವನು ಬಹಳ ಹೊತ್ತು ಮಾತೇ ಆಡಲಿಲ್ಲ.

ಹಾಗಂತ ಸಹಿಯ ಸಾಲೇ ಸಾಕು ಅನ್ನುವ ಹಾಗಿಲ್ಲ. ಎಲ್ಲರಿಗೂ ಹೇಳಲೊಂದು ಅಂಥ ಅಂಕಿ ಇರುವುದಿಲ್ಲ. ಹಿಂದೆ ನೂರು ಜನ ನಿಂತಿದ್ದಾರೆ ಎಂಬ ಅರಿವು ಓದುಗರಿಗೂ ಇರುತ್ತದೆ, ಲೇಖಕರಿಗೂ ಇರುತ್ತದೆ. ಬಾಯಿಗೆ ಬರುವುದು ಮಾಮೂಲಿ ಮಾತು: ನಿಮ್ಮ ಪುಸ್ತಕ ತುಂಬಾ ಇಷ್ಟ, ಥ್ಯಾಂಕ್ಸ್, ಮುಂದಿನವರು ಬನ್ನಿ. ತೀರಾ ಹೆಸರಾದವರ ಸಾಲನ್ನು ಒಂದು ಹಂತದಲ್ಲಿ ಕಡಿದುಬಿಡುತ್ತಾರೆ. ಕಾದೂ ಕಾದೂ ಬರಿಗೈಯಲ್ಲಿ ಮರಳಿದವರನ್ನು ನೋಡಿದೆ.

ಒಂದು ಉಪಾಯ ಹೇಳುತ್ತೇನೆ. ಖ್ಯಾತನಾಮರ ಮಗ್ಗುಲಲ್ಲೇ ಮೊದಲ ಕಾದಂಬರಿಯ ಲೇಖಕರೊಬ್ಬರು ಎದುರಿಗೆ ಯಾರೂ ಇಲ್ಲದೆ ಕೂತಿರುತ್ತಾರೆ. ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು. ಅವರ ಹತ್ತಿರ ಹೋಗಿ. ಪುಸ್ತಕ ಓದಿರದಿದ್ದರೆ, ಓದಿಲ್ಲ, ಏನು ಕಥೆ ಅಂತ ನೇರವಾಗಿ ಕೇಳಿ. ನಾನು ಹಾಗೆ ಮಾತಿಗೆ ಕೂತದ್ದು ಒಬ್ಬ ಹೆಣ್ಣುಮಗಳ ಎದುರು. ದ್ವೀಪವೊಂದರಲ್ಲಿ ಶಾಲಾ ಮೇಷ್ಟ್ರಾಗಿದ್ದುಕೊಂಡು ರಾತ್ರಿ ಹೊತ್ತು ಬರೆಯುತ್ತಾರಂತೆ. ಅವರ ಸರದಿ ಮುಗಿಯುವವರೆಗೂ ಮಾತಾಡಿದೆವು, ಪುಸ್ತಕ ಮಾರಾಟದ ಹಾಲಿಗೆ ಇಬ್ಬರೂ ಒಟ್ಟಿಗೆ ನಡೆದು ಹೋಗಿ ಅವರ ಪುಸ್ತಕ ಕೊಂಡೆ. ಮನೆಗೆ ಬಂದು ಓದಿದೆ. ಚೆನ್ನಾಗಿದೆ. ಎರಡನೆಯದಕ್ಕೆ ಕಾಯುತ್ತಿದ್ದೇನೆ.

ಈಗ ಟೇಬಲ್ ಟಾಕ್. ಬೇರೆ ವರ್ಲ್ಡ್‌ಕಾನ್‌ಗಳಲ್ಲಿ ಇದನ್ನು ಕಾಫಿಕ್ಲಾಚ್ ಅನ್ನುವುದೇ ರೂಢಿ. ಮೇಜಿಗೆ ಸೀಟು ಕಡಿಮೆ, ಆಸೆ ಪಡುವವರು ಜಾಸ್ತಿ. ಆದ್ದರಿಂದ ಮೊದಲೇ ಹೆಸರು ಕೊಡಬೇಕು. ಹೆಸರು ತೆಗೆದುಕೊಳ್ಳುವ ಕ್ರಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಹೋಗುವ ಮುಂಚೆ ಓದಿಕೊಂಡಿರಿ. ಎಲ್ಲ ಕಡೆಯೂ ದೊಡ್ಡ ಹೆಸರಿನವರ ಮೇಜು ಕಣ್ಣುಮುಚ್ಚಿ ತೆರೆಯುವುದರಲ್ಲಿ ತುಂಬಿಹೋಗುತ್ತದೆ. ಗೌರವ ಅತಿಥಿಗಳಾಗಿದ್ದ ನೆಡಿ ಒಕೊರಾಫೊರ್, ಕೆನ್ ಮ್ಯಾಕ್ಲಿಯಾಡ್ ಅಂಥವರ ಎದುರು ಕೂರುವ ಆಸೆ ಯಾರಿಗಿರುವುದಿಲ್ಲ! ನನಗೆ ಸೀಟು ಸಿಕ್ಕಿದ್ದು ನಾನು ಬಹುಕಾಲದಿಂದ ಬಿಡದೆ ಓದಿಕೊಂಡು ಬಂದ, ಅಷ್ಟೇನೂ ಗದ್ದಲವಿಲ್ಲದ ಲೇಖಕಿಯೊಬ್ಬರ ಮೇಜಿನಲ್ಲಿ. ಅವರ ಹೆಸರು ಬರೆಯುತ್ತಿಲ್ಲ. ರೆಕಾರ್ಡ್ ಮಾಡುವುದಿಲ್ಲ, ಮೇಜಿನ ಮಾತನ್ನು ಹೊರಗೆ ಸಾರುವುದಿಲ್ಲ ಎಂಬ ನಂಬಿಕೆಯ ಮೇಲೆ ಅವರು ಬಿಚ್ಚುಮನಸ್ಸಿನಿಂದ ಮಾತಾಡಿದ್ದು. ಆ ನಂಬಿಕೆ ಉಳಿಸಿಕೊಳ್ಳಬೇಕು. ನನ್ನ ಪಾಲಿನ ಮಾತನ್ನಷ್ಟೇ ಹೇಳುತ್ತೇನೆ.

ಅವರ ಸರಣಿಯಲ್ಲಿ ಬೆಟ್ಟದ ಮೇಲಿನ ಒಂದು ಆಸ್ಪತ್ರೆ ಇದೆ. ಕೆಳಗಿನ ಪಟ್ಟಣದಿಂದ ಮದ್ದು ಹೊತ್ತು ತರುವ ಹೆಂಗಸರಿದ್ದಾರೆ. ಮೇಜಿನ ಸುತ್ತ ಪರಿಚಯ ಹೇಳಿಕೊಳ್ಳುತ್ತಾ ಬಂದೆವು. ಒಬ್ಬರು ನಿವೃತ್ತ ಬಸ್ ಡ್ರೈವರು, ಒಬ್ಬ ಹುಡುಗಿ ಜರ್ಮನಿಯವಳು, ತಾಯಿ ಮಗಳು ಒಂದು ಜೋಡಿ. ನನ್ನ ಸರದಿ ಬಂದಾಗ, ಫಾರ್ಮಸಿಸ್ಟ್, ಈ ದೇಶಕ್ಕೆ ಬರುವ ಮುಂಚೆ ತೀರ್ಥಹಳ್ಳಿ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿದ್ದೆ ಅಂದೆ. ಲೇಖಕಿ ಮುಂದಿನವರ ಕಡೆ ತಿರುಗಲಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಲಸಿಕೆ ಏನು ಮಾಡುತ್ತಿದ್ದಿರಿ ಅಂತ ಕೇಳಿದರು.

ಹೇಳಲು ಶುರುಮಾಡಿದೆ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಅದಕ್ಕೆಂದೇ ಐಎಲ್‌ಆರ್ ಅಂತ ಪೆಟ್ಟಿಗೆಯಂಥ ಫ್ರಿಜ್ ಇರುತ್ತದೆ, ಮುಚ್ಚಳ ಮೇಲಿನಿಂದ ತೆರೆಯುವುದು. ಕರೆಂಟು ಹೋದರೂ ಒಳಗಿನ ಐಸಿನ ಪದರ ತಂಪು ಹಿಡಿದಿಡುತ್ತದೆ, ಮುಚ್ಚಳ ಮಾತ್ರ ಸುಮ್ಮಸುಮ್ಮನೆ ತೆಗೆಯಬಾರದು. ಹಳ್ಳಿಗೆ ಒಯ್ಯುವಾಗ ವ್ಯಾಕ್ಸಿನ್ ಕ್ಯಾರಿಯರ್, ಅದರ ನಾಲ್ಕು ಗೋಡೆಗೂ ನಾಲ್ಕು ಐಸ್ ಪ್ಯಾಕ್. ಡೀಪ್ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಹಾಗೇ ತುಂಬುವಂತಿಲ್ಲ. ಹೊರಗಿಟ್ಟು, ಅದು ಬೆವರಿ, ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಅನ್ನುವವರೆಗೆ ಕಾಯಬೇಕು. ಯಾಕೆ ಅಂದರೆ ಕೆಲವು ಲಸಿಕೆಗಳಿಗೆ ಸೆಖೆಗಿಂತ ಹೆಪ್ಪುಗಟ್ಟುವುದೇ ದೊಡ್ಡ ಶತ್ರು. ಹೆಪಟೈಟಿಸ್ ಬಿ ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ಮುಗಿಯಿತು, ಕೆಲಸಕ್ಕೆ ಬರುವುದಿಲ್ಲ. ಅನುಮಾನ ಬಂದರೆ ಶೇಕ್ ಟೆಸ್ಟ್: ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿದ ಒಂದು ಸೀಸೆ, ಅನುಮಾನದ ಒಂದು ಸೀಸೆ, ಎರಡನ್ನೂ ಒಟ್ಟಿಗೆ ಅಲ್ಲಾಡಿಸಿ ಪಕ್ಕಪಕ್ಕ ಇಟ್ಟು ನೋಡುವುದು. ಹಾಳಾದದ್ದರಲ್ಲಿ ಗಸಿ ಬೇಗ ತಳಕ್ಕಿಳಿಯುತ್ತದೆ.

ಅವರು ಕೈಚೀಲದಿಂದ ಸಣ್ಣ ನೋಟ್‌ಬುಕ್ ತೆಗೆದರು. ಬೆವರುವ ಐಸ್ ಪ್ಯಾಕ್ ಅನ್ನುವುದನ್ನು ಬರೆದುಕೊಂಡರು, ಶೇಕ್ ಟೆಸ್ಟಿನದೊಂದು ಚಿತ್ರವನ್ನು ನನ್ನಿಂದಲೇ ಅದೇ ಪುಟದಲ್ಲಿ ಬರೆಸಿಕೊಂಡರು. ಎರಡು ಸೀಸೆ, ಒಂದರ ತಳದಲ್ಲಿ ದಪ್ಪ ಗಸಿ. ಕ್ಯಾರಿಯರ್ ಹೊತ್ತರೆ ಭುಜದ ಯಾವ ಕಡೆ ನೋಯುತ್ತದೆ, ಮಳೆಯಲ್ಲಿ ಆಶಾ ಕಾರ್ಯಕರ್ತೆಯರು ಏನು ಹೊದ್ದುಕೊಳ್ಳುತ್ತಾರೆ ಅಂತೆಲ್ಲ ವಿಚಾರಿಸಿದರು. ಬಸ್ ಡ್ರೈವರು, ಹಿಮ ಬಿದ್ದಾಗ ಹೈಲ್ಯಾಂಡ್ಸಿನ ರಸ್ತೆಯಲ್ಲಿ ತಾವು ಇನ್ಸುಲಿನ್ ಪೊಟ್ಟಣ ತಲುಪಿಸಿದ್ದನ್ನು ಹೇಳಿದರು. ಅದೂ ನೋಟ್‌ಬುಕ್ಕಿಗೆ ಹೋಯಿತು. ಯಾರ ಪುಸ್ತಕ ಓದಿ ನಾನು ಎಷ್ಟೋ ರಾತ್ರಿ ಕಳೆದಿದ್ದೆನೋ ಅವರಿಗೆ ನನ್ನ ಪಿಎಚ್‌ಸಿಯ ಸ್ಟೋರ್ ರೂಮಿನ ವಿವರ ಬೇಕಾಗಿತ್ತು. ಆ ಸಂತೋಷಕ್ಕೆ ಹೋಲಿಸುವಂಥದ್ದು ನನಗೆ ತಿಳಿದಿಲ್ಲ. ಸಹಿ ಕೇಳುವ ನೆನಪೂ ಬರಲಿಲ್ಲ, ಬೇಕೂ ಆಗಿರಲಿಲ್ಲ.

ಅಲ್ಲಿ ಕೂತು ಗಮನಿಸಿದ್ದು: ಮುಂದಿನ ಭಾಗ ಯಾವಾಗ, ಸಿನಿಮಾ ಆಗುತ್ತದಾ ಅನ್ನುವ ಪ್ರಶ್ನೆಗೆ ಎಲ್ಲ ಲೇಖಕರೂ ಅಭ್ಯಾಸವಾದ ಉತ್ತರ ಕೊಟ್ಟು ಮುಗಿಸುತ್ತಾರೆ. ಒಂದು ಪುಟ, ಒಂದು ಪಾತ್ರ, ಒಂದು ನಿರ್ಧಾರ ಹಿಡಿದು ಕೇಳಿದರೆ ಮೈಯೆಲ್ಲ ಕಿವಿಯಾಗುತ್ತಾರೆ. ನಿಮ್ಮ ಕಸುಬಿನ ಕಡೆಯಿಂದ ಕೇಳಿದರಂತೂ ಇನ್ನೂ ಚೆನ್ನ. ರೈತರಿರಲಿ, ನರ್ಸಿರಲಿ, ಲೈನ್‌ಮನ್ ಇರಲಿ, ಕಲ್ಪಿತ ಲೋಕ ಕಟ್ಟುವವರಿಗೆ ನಿಜ ಲೋಕದ ಕೆಲಸ ಬಲ್ಲವರು ಬೇಕು. ಜೊತೆಗೆ, ಮೇಜಿನಲ್ಲಿ ಉಳಿದವರಿಗೂ ಮಾತು ಬಿಡಬೇಕು. ಒಬ್ಬರೇ ತಮ್ಮ ಹಸ್ತಪ್ರತಿಯ ಕಥೆ ಹೇಳುತ್ತಾ ಹೋದ ಮೇಜೊಂದರಿಂದ ಅಕ್ಕನ ಮಗ ಸಪ್ಪೆ ಮುಖ ಮಾಡಿಕೊಂಡು ಬಂದ.

ನಮ್ಮೂರಿನ ಅಭ್ಯಾಸ ನೆನಪಾಗದೆ ಇರಲಿಲ್ಲ. ಕನ್ನಡದ ಓದುಗರು ಲೇಖಕರನ್ನು ಭೇಟಿಯಾಗುವುದು ಮನೆಗೇ ಹೋಗಿ. ನಾನು ಕಾಲೇಜಿನಲ್ಲಿದ್ದಾಗ ಪೂರ್ಣಚಂದ್ರ ತೇಜಸ್ವಿಯವರನ್ನು ನೋಡಲು ಹುಡುಗರು ಗುಂಪು ಕಟ್ಟಿಕೊಂಡು ಮೂಡಿಗೆರೆ ಬಸ್ಸು ಹತ್ತುತ್ತಿದ್ದರು. ಹಾರುವ ಓತಿ ಹುಡುಕಿಕೊಂಡು ಕಾಡು ಹೊಕ್ಕ ಕಥೆ ಓದಿದವರಿಗೆ ಅವರ ಮನೆ 'ನಿರುತ್ತರ'ದ ಗೇಟು ಮುಟ್ಟಿ ಬರುವುದೇ ಒಂದು ಯಾತ್ರೆ. ಅವರು ಸಿಕ್ಕರೆ ಸಿಕ್ಕರು, ಇಲ್ಲದಿದ್ದರೆ ತೋಟ ನೋಡಿಕೊಂಡು ಬರುವುದು. ಆ ಪ್ರೀತಿ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಬರೆಯುವವರ ಹೊತ್ತನ್ನು ನಾವು ಕೇಳದೇ ತೆಗೆದುಕೊಳ್ಳುತ್ತಿದ್ದೆವು ಅನ್ನುವುದೂ ನಿಜ. ಹುಡುಗಿಯರಿಗಂತೂ ಹಾಗೆ ಬಸ್ಸು ಹತ್ತಿ ಹೋಗುವ ಸ್ವಾತಂತ್ರ್ಯವೇ ಇರಲಿಲ್ಲ. ಗಂಟೆ ಗೊತ್ತುಮಾಡಿ, ಕುರ್ಚಿ ಗೊತ್ತುಮಾಡಿ, ಹೆಸರು ಬರೆಸಿದವರಿಗೆಲ್ಲ ಸಮನಾಗಿ ಜಾಗ ಕೊಡುವ ಈ ಮೇಜು ನನ್ನಂಥವಳಿಗೆ ಹೆಚ್ಚು ಹತ್ತಿರ. ಬೆಂಗಳೂರು, ಧಾರವಾಡದ ಸಾಹಿತ್ಯ ಉತ್ಸವಗಳಲ್ಲಿ ವೇದಿಕೆಯ ಸಂವಾದಗಳು ಎಷ್ಟೋ ನಡೆಯುತ್ತವೆ. ಮೂಲೆಯಲ್ಲಿ ನಾಲ್ಕು ಮೇಜು ಹಾಕಿ, ಮೇಜಿಗೊಬ್ಬ ಲೇಖಕರು ಹತ್ತು ಓದುಗರು ಅಂತ ಮಾಡಿದರೆ ಖರ್ಚೂ ಇಲ್ಲ. ಯಾರಾದರೂ ಮಾಡಿ ನೋಡಬೇಕು.

ಮೇಜು ಸಿಗದಿದ್ದರೆ ಎರಡನೆಯ ಆಯ್ಕೆ ವಾಚನ. ಲೇಖಕರು ಸಣ್ಣ ಕೋಣೆಯಲ್ಲಿ ತಮ್ಮ ಕಥೆ ತಾವೇ ಓದುತ್ತಾರೆ. ಇನ್ನೂ ಅಚ್ಚಾಗದ್ದನ್ನು ಓದುವವರೂ ಇದ್ದಾರೆ. ಯಾವ ಶಬ್ದದ ಮೇಲೆ ಅವರು ತಡೆಯುತ್ತಾರೆ, ಎಲ್ಲಿ ಉಸಿರೆಳೆಯುತ್ತಾರೆ ಅನ್ನುವುದನ್ನು ಕೇಳಿದ ಮೇಲೆ ಪುಸ್ತಕ ಓದುವ ರೀತಿಯೇ ಬದಲಾಗುತ್ತದೆ. ದೊಡ್ಡ ಗೋಷ್ಠಿಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಒಳ್ಳೆಯವು ಇದ್ದವು, ಆದರೆ ಐದು ಜನ ಒಂದು ಗಂಟೆ ಹಂಚಿಕೊಂಡರೆ ಯಾರ ಮಾತೂ ಆಳಕ್ಕಿಳಿಯುವುದಿಲ್ಲ. ಜನಪ್ರಿಯ ವಿಷಯವಿದ್ದರೆ ಕೋಣೆ ಮೊದಲೇ ತುಂಬಿ ಬಾಗಿಲು ಹಾಕುತ್ತಾರೆ.

ಮೊಗಸಾಲೆಯಲ್ಲಿ ಲೇಖಕರು ಎದುರಾಗುತ್ತಲೇ ಇರುತ್ತಾರೆ. ಕಾಫಿ ಸಾಲಿನಲ್ಲಿ ನಿಮ್ಮ ಹಿಂದೆ ನಿಂತಿರುತ್ತಾರೆ. ಭಾನುವಾರ ರಾತ್ರಿ ಎಮಿಲಿ ಟೆಶ್ ಅತ್ಯುತ್ತಮ ಕಾದಂಬರಿಯ ಹ್ಯೂಗೋ ಗೆದ್ದರು, ಆನ್ ಲೆಕಿ ಅತ್ಯುತ್ತಮ ಸರಣಿಯದ್ದನ್ನು ಗೆದ್ದರು. ಮರುದಿನ ಇಡೀ ಕಟ್ಟಡದಲ್ಲಿ ಅದೇ ಮಾತು. ಇಲ್ಲಿ ಒಂದು ಮರ್ಯಾದೆ ಪಾಲಿಸಲೇಬೇಕು. ಊಟ ಮಾಡುತ್ತಿರುವವರನ್ನು, ಶೌಚಾಲಯಕ್ಕೆ ಹೊರಟವರನ್ನು, ಗೆಳೆಯರ ಜೊತೆ ತಲೆ ತಗ್ಗಿಸಿ ಮಾತಾಡುತ್ತಿರುವವರನ್ನು ತಡೆಯಬಾರದು. ಸುಮ್ಮನೆ ನಿಂತಿದ್ದರೆ ಹೋಗಿ ಒಂದು ವಾಕ್ಯ ಹೇಳಿ, ಅವರು ಮುಂದುವರಿಸಿದರೆ ಮಾತಾಡಿ. ಫೋಟೊ ತೆಗೆಯುವ ಮುಂಚೆ ಕೇಳಿ.

ಆದಷ್ಟು ಬೇಗ ಭೇಟಿಯಾಗಿಬಿಡಿ ಅನ್ನುವುದಕ್ಕೆ ಸ್ಕಾಟ್ಲೆಂಡಿನವರೇ ಆದ ಲೇಖಕ ಇಯಾನ್ ಬ್ಯಾಂಕ್ಸ್ ನೆನಪು ಸಾಕು. 2014ರ ಲಂಡನ್ ವರ್ಲ್ಡ್‌ಕಾನ್‌ಗೆ ಅವರು ಗೌರವ ಅತಿಥಿ ಎಂದು ಗೊತ್ತಾಗಿತ್ತು. 2013ರ ಏಪ್ರಿಲ್‌ನಲ್ಲಿ ತಮಗೆ ಕ್ಯಾನ್ಸರ್ ಇದೆಯೆಂದು ತಾವೇ ತಿಳಿಸಿದರು, ಜೂನ್‌ನಲ್ಲಿ ತೀರಿಕೊಂಡರು. ಆ ಎರಡು ತಿಂಗಳು ಪ್ರಪಂಚದ ಮೂಲೆಮೂಲೆಯಿಂದ ಓದುಗರು ಅವರಿಗೆ ಸಂದೇಶ ಬರೆದರು. ಗ್ಲಾಸ್ಗೋದ ಸಾಲಿನಲ್ಲಿ ನನ್ನ ಮುಂದಿದ್ದ ಹಿರಿಯರೊಬ್ಬರು, ಬ್ಯಾಂಕ್ಸ್ ಸಹಿ ಇದ್ದ ಪುಸ್ತಕವೊಂದನ್ನು ಬಟ್ಟೆ ಚೀಲದಿಂದ ತೆಗೆದು ತೋರಿಸಿ ಮತ್ತೆ ಜೋಪಾನವಾಗಿ ಇಟ್ಟುಕೊಂಡರು.

ಕೊರತೆಗಳೂ ಇವೆ. ಇದು ಅಗ್ಗದ ಬಾಬತ್ತಲ್ಲ. ಸದಸ್ಯತ್ವಕ್ಕೆ ಒಂದು ಮೊತ್ತ, ಖುದ್ದಾಗಿ ಹಾಜರಾಗಲು ಅದರ ಮೇಲೆ ಇನ್ನೊಂದು. ದಿನ ಹತ್ತಿರ ಬಂದ ಹಾಗೆ ದರ ಏರುತ್ತದೆ. ಕೋಣೆ ಬಾಡಿಗೆಯೂ ಆ ವಾರ ಆಕಾಶಕ್ಕೆ ಹೋಗಿರುತ್ತದೆ. ನಾನು ಕಾಯ್ದಿರಿಸಿದ್ದ ವಸತಿಯೊಂದು ಕೊನೇ ಗಳಿಗೆಯಲ್ಲಿ ಕೈಕೊಟ್ಟು, ಅಕ್ಕನ ಮಗನ ಬಾಡಿಗೆ ಕೋಣೆಯ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದೆ. ಭಾರತದಿಂದ ಬರುವವರು ವೀಸಾಕ್ಕೆ ತಿಂಗಳುಗಳ ಮುಂಚೆಯೇ ಅರ್ಜಿ ಹಾಕಬೇಕು. ಸಸ್ಯಾಹಾರ ಸಿಗುತ್ತದೆ, ಹೊಟ್ಟೆ ತುಂಬುವಷ್ಟು ಅಂತ ಹೇಳಲಾರೆ. ನಾವು ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದೆವು.

ಎಲ್ಲಕ್ಕಿಂತ ನನ್ನನ್ನು ಕಾಡಿದ ಕೊರತೆ ಭಾಷೆಯದು. ಹೆಸರಿಗೆ ಜಗತ್ತಿನ ಸಮ್ಮೇಳನ, ನಡೆಯುವುದು ಹೆಚ್ಚುಕಡಿಮೆ ಪೂರ್ತಿ ಇಂಗ್ಲಿಷಿನಲ್ಲಿ. ದಕ್ಷಿಣ ಏಷ್ಯಾದ ಹೆಸರುಗಳು ಮೆಲ್ಲಗೆ ಮುಂದೆ ಬರುತ್ತಿವೆ. ಶ್ರೀಲಂಕಾದ ವಜ್ರ ಚಂದ್ರಶೇಖರ ಆ ವರ್ಷ ಕಾದಂಬರಿ ವಿಭಾಗದ ಹ್ಯೂಗೋ ಅಂತಿಮ ಪಟ್ಟಿಯಲ್ಲಿದ್ದರು. ಬೆಂಗಳೂರಿನ ಲಾವಣ್ಯ ಲಕ್ಷ್ಮೀನಾರಾಯಣ್ ಅದೇ 2024ರಲ್ಲಿ ಬ್ರಿಟನ್ನಿನ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದಿದ್ದರು. ಆದರೆ ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವೈಜ್ಞಾನಿಕ ಕಥೆ ಬರೆದಿದ್ದಾರೆ ಅಂದರೆ ಕಣ್ಣರಳಿಸಿ ಕೇಳುತ್ತಾರೆ, ಎಲ್ಲಿ ಸಿಗುತ್ತದೆ ಅನ್ನುತ್ತಾರೆ, ಕೊಡಲು ನಮ್ಮ ಕೈಯಲ್ಲಿ ಅನುವಾದ ಇಲ್ಲ. ಜರ್ಮನ್ ಹುಡುಗಿ ನನ್ನ ಹತ್ತಿರ ಹೆಸರು ಬರೆಸಿಕೊಂಡಳು. ಅವಳಿಗೆ ಕಳಿಸಲೆಂದು ಒಂದು ಸಣ್ಣ ಕಥೆಯನ್ನು ಅಕ್ಕನ ಮಗ ಈಗ ಇಂಗ್ಲಿಷಿಗೆ ಮಾಡುತ್ತಿದ್ದಾನೆ. "ಚಿಕ್ಕಿ, ಈ ವಾಕ್ಯ ಕೂರ್ತಾನೇ ಇಲ್ಲ" ಅಂತ ರಾತ್ರಿ ಫೋನ್ ಮಾಡುತ್ತಾನೆ, ಇಬ್ಬರೂ ಕೂರಿಸಲು ನೋಡುತ್ತೇವೆ.

ಯಾರಿಗೆ ಹೇಳಿದ್ದು ಅಂದರೆ, ಒಬ್ಬ ಲೇಖಕರ ಒಂದಾದರೂ ಪುಸ್ತಕವನ್ನು ಎರಡೆರಡು ಸಲ ಓದಿದವರು ಖಂಡಿತ ಹೋಗಿ. ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಐದೂ ದಿನ ತಿರುಗುವುದು ಕಷ್ಟ, ಒಂದು ದಿನದ ಟಿಕೆಟ್ ಸಾಕು. ಸಿನಿಮಾ ತಾರೆಯರನ್ನು ನೋಡಬೇಕೆನ್ನುವವರಿಗೆ ಇದು ಜಾಗವಲ್ಲ. ಗ್ಲಾಸ್ಗೋದಲ್ಲಿ ಮನೆಯಲ್ಲೇ ಕೂತು ನೋಡುವ ಆನ್‌ಲೈನ್ ಕಾರ್ಯಕ್ರಮವೂ ಇತ್ತು, ಊರಿನಲ್ಲಿರುವವರು ಹೊಸ ವರ್ಷದ್ದು ಬಂದಾಗ ಅದನ್ನು ವಿಚಾರಿಸಿ. 2026ರ ವರ್ಲ್ಡ್‌ಕಾನ್ ಅಮೆರಿಕದ ಅನಾಹೈಮ್‌ನಲ್ಲಿ, ಆಗಸ್ಟ್ 27ರಿಂದ 31. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಿಗೆ ಕಾರಿನ ದಾರಿ. ಕಾರ್ಯಕ್ರಮ ಪಟ್ಟಿ ಹೊರಬಿದ್ದ ದಿನವೇ ಮೇಜಿನ ಮಾತುಕತೆಗೆ ಹೆಸರು ಕೊಡುವುದು ಎಲ್ಲಿ, ಯಾವಾಗ ಅನ್ನುವುದನ್ನು ಹುಡುಕಿ ಗುರುತು ಹಾಕಿಕೊಳ್ಳಿ. ಸಹಿಯ ಪಟ್ಟಿಯನ್ನು ಆಮೇಲೆ ನೋಡಿದರಾಯಿತು.